ನಮ್ಮ ಮಾವನ ‘ಸಾಕು’

ನಮ್ಮ ಮಾವ, ಅಂದ್ರ ನಮ್ಮವ್ವನ ಒಬ್ಬನೇ ತಮ್ಮ, ‘ಸಾಕು’ ಅಂದ್ರ ಖರೇನೇ ಸಾಕು ಅಂತ ತಿಳ್ಕೊಬಾರದು. ನಮ್ಮ ಕಡಿ ಎಲ್ಲಾರದೂ ಹಂಗೇ. ಉಣ್ಣಲಿಕ್ಕಿ ಕುಂತವ್ರು ಸಾಕು ಸಾಕು ಅನ್ನಬೇಕು, ತಾಟಿನ ಮ್ಯಾಲ ಕೈ ಅಡ್ಡ ಹಿಡಿಬೇಕು. ನೀಡೋರು ಬೆರಳ ಸಂದಿಯಿಂದಾದ್ರೂ ಜಬರ್ದಸ್ತಿ ಹಾಕಬೇಕು. ಹಾಕಲಿಲ್ಲ ಅಂದ್ರ ಉಂಡವ್ರ ಇಜ್ಜತ್ ತಗದಂಗ.

ನನ್ನ ಮಗಳ ಮದ್ವಿ ನಮ್ಮೂರು ವಾಡಿಯಾಗ ಮಾಡಿದ್ವಿ. ಬೀಗರ ಹಟಕ್ಕ ಬಫೆ ಇಟ್ವಿ. ಮಾವ ತಾಟು ಹಿಡ್ಕೊಂಡು ಹ್ವಾದ, ರೂಢಿಯಂಗ ‘ಸಾಕು’ ಅಂದ. ಸೌಟು ಹಿಡಿದು ನಿಂತಾವ ಹೂಂ ಅಂದು ಹಿಂದಿನವ್ರಿಗಿ ನೀಡಿದ. ಅಷ್ಟೇ! ಮಾವ ತಾಟು ಅಲ್ಲೇ ಇಟ್ಟು ತನ್ನೂರು ಸೇಡಂ ಬಸ್ ಹತ್ತಿದ. ‘ಅಕ್ಕನ ಮನಿ ಮದ್ವ್ಯಾಗ ಇನ್ನೊಂದು ತುತ್ತು ತಿನ್ನು ಅನ್ನೋರು ನನಗ ಇಲ್ಲ’ ಅಂತ ಊರೆಲ್ಲ ಹೇಳ್ಕೋತ ತಿರುಗಿದ. ಆಮ್ಯಾಲ ನಮ್ಮ ಹೊಸ್ತಿಲ ತುಳಿಲಿಲ್ಲ. ಅವ್ವ ಫೋನ್ ಹಚ್ಚಿದ್ರ ಎತ್ತಂಗಿಲ್ಲ. ಅಲ್ರೀ, ಒಂದ್ ಸೌಟು ಬಗರಾ ಅನ್ನದ ಸಲುವಾಗಿ! ನನಗಂತೂ ಸಿಟ್ಟು ನೆತ್ತಿಗೇರಿತ್ತು. ಆದ್ರ ಹಬ್ಬ ಬಂದ್ರ ಅವ್ವ ಹೋಳಿಗಿ ಮಾಡಿ, ತಮ್ಮನ ಪಾಲು ಡಬ್ಬ್ಯಾಗ ಎತ್ತಿಟ್ಟು, ಬಾಗಿಲ ಕಡಿ ನೋಡ್ಕೋತ ಕುಂದರ್ತಿದ್ಲು. ಅದನ್ನ ನೋಡಿ ನನಗ ಭಾಳ ಸಂಕಟ ಆಗ್ತಿತ್ತು.

ಹೈದರಾಬಾದಿನ ದವಾಖಾನ್ಯಾಗ ನರ್ಸ್ ಇರೋ ನನ್ನ ಮಗಳು ಹ್ವಾದ ಚಳಿಗಾಲದಾಗ ಒಂದು ಉಪಾಯ ಮಾಡಿದ್ಲು. ಮಾವಗ ತಾನೇ ಫೋನ್ ಹಚ್ಚಿ, ‘ಮುತ್ಯಾ, ಇಲ್ಲೊಂದು ಬ್ರೆಜಿಲ್ ದೇಶದ ಊಟದ ಹೋಟೆಲ್ ಅದ. ಮಟನ್, ಕೋಳಿ, ಮೀನು ಉದ್ದಾನ ಕಂಬಿಗಿ ಚುಚ್ಚಿ ಸುಟ್ಟು, ನಾವು ಕುಂತಲ್ಲೇ ತಂದು ಕೊಯ್ದು ನೀಡ್ತಾರ. ಬಫೆ ಅಲ್ಲ, ಬಾ’ ಅಂದ್ಳು. ಮೊಮ್ಮಗಳ ಮಾತು, ಮ್ಯಾಲ ಮಟನ್. ಮಾವ ಒಪ್ಪಿದ.

ನಾನು, ಅವ್ವ ವಾಡಿಯಾಗ ರೈಲು ಹತ್ತಿದ್ವಿ. ಸೇಡಂದಾಗ ಮಾವ ಹತ್ತಿ ನಮ್ಮೆದುರು ಕುಂತ. ಬಿಳಿ ಧೋತ್ರ, ಹೊಸ ಟವಲ್, ಮೂಗಿನ ತುದಿಗಿ ಸಿಟ್ಟು. ‘ನಿಮ್ಮವ್ವಗ ಕೇಳು, ಥಂಡಿ ಹತ್ತಲಿಕತ್ತದೇನು, ಕಿಡಕಿ ಮುಚ್ಚಬೇಕೇನು’ ಅಂತ ನನಗ ಕೇಳಿದ. ಅವ್ವ ಒಂದ್ ಮೊಳ ದೂರ ಕುಂತಾಳ! ‘ನಿಮ್ಮ ಮಾವಗ ಹೇಳು, ಬ್ಯಾಡಂತ’ ಅಂದ್ಳು ಆಕಿ. ತಾಂಡೂರು ದಾಟೋದ್ರಾಗ ಇಬ್ಬರ ನಡುವ ಪೋಸ್ಟಮನ್ ಕೆಲಸ ಮಾಡಿ ನನ್ನ ತಲಿ ಕೆಟ್ಟು ಹೋಯ್ತು.

ಸ್ಟೇಷನ್ನಿಂದ ಮಗಳು ಕರ್ಕೊಂಡು ಹ್ವಾದ ಹೋಟೆಲ್ ಒಳಗ ಮಬ್ಬುಗತ್ತಲಿ. ‘ಲೈಟಿನ ಬಿಲ್ ಕಟ್ಟಿಲ್ಲೇನ್ ಇವ್ರು?’ ಅಂದ್ಳು ಅವ್ವ. ದನದ್ದು ನಮ್ಮ ಕಡಿ ತರಬ್ಯಾಡ್ರಿ ಅಂತ ಮಗಳು ಮೊದಲೇ ಹೇಳಿದ್ಲು. ಒಬ್ಬೊಬ್ಬರ ಮುಂದ ಒಂದೊಂದು ದುಂಡನ ಬಿಲ್ಲಿ ಇಟ್ರು, ಒಂದು ಮಗ್ಗಲ ಹಸರು, ಇನ್ನೊಂದು ಮಗ್ಗಲ ಕೆಂಪು. ಹಸರು ಮ್ಯಾಲಿದ್ರ ನೀಡ್ಕೋತ ಇರ್ತಾರ, ಕೆಂಪು ಮಾಡಿದ್ರ ನಿಲ್ಲಿಸ್ತಾರ.

‘ಅಯ್ಯ, ನಮ್ಮ ವಾಡಿ ಸಿಗ್ನಲ್ ಇದ್ದಂಗ ಅದ’ ಅಂತ ಅವ್ವ ಖುಷಿ ಆದ್ಳು. ಮಾವ ತನ್ನ ಬಿಲ್ಲಿ ಠಕ್ಕನ ಕೆಂಪಿಗಿ ತಿರುವಿದ.

‘ಮುತ್ಯಾ, ಹಂಗಿಟ್ರ ಅವ್ರು ಬರಂಗಿಲ್ಲ’ ಅಂದ್ಳು ಮಗಳು.

‘ಬೇಕು ಬೇಕು ಅಂತ ಬೋರ್ಡ್ ಹಾಕ್ಕೊಂಡು ಕುಂದ್ರಲಿಕ್ಕಿ ನಾ ಏನು ಉಪಾಸ ಬಿದ್ದೀನಿ? ಬರ್ತಾರ ಸುಮ್ಕಿರು. ನೀಡೋ ಮಂದಿಗಿ ತಿಳೀತದ.’

ಬಂದ್ರು. ಅವ್ವನ ತಾಟಿಗಿ ಆಡಿನ ತೊಡಿ ಕೊಯ್ದು ಹಾಕಿದ್ರು. ಬೆಳ್ಳುಳ್ಳಿ, ಕೆಂಡದ ವಾಸನಿ ಘಮ್ಮಂತು. ಮಾವನ ಬಿಲ್ಲಿ ನೋಡಿ, ನಕ್ಕು, ಮುಂದ ಹ್ವಾದ್ರು. ಕೋಳಿ ಬಂತು, ಹಂಗೇ ಹೋಯ್ತು. ಮೀನು ಬಂತು, ಅದೂ ಹೋಯ್ತು. ನಾ ಬಿಲ್ಲಿ ತಿರುವಲಿಕ್ಕಿ ಹ್ವಾದ್ರ ಮಾವ ಕೈ ಮ್ಯಾಲ ಪಟ್ಟಂತ ಹೊಡೆದ. ಮಾರಿ ನೋಡಿದೆ. ಮದ್ವಿ ದಿನದ್ದೇ ಮಾರಿ! ಇಲ್ಲಿಂದನೂ ಹಸಿದು ಎದ್ದು ಹ್ವಾದ್ರ ಅವ್ವಗ ತಮ್ಮ ಇದ್ದೂ ಇಲ್ಲದಂಗೇ.

ಮಾವ ಕುರ್ಚಿ ಹಿಂದ ಸರಿಸಿದ. ‘ನಿಮ್ಮವ್ವಗ ಹೇಳು, ನನ್ನ ಊಟ ಆಯ್ತು.’

ಅವ್ವ ನನ್ನ ದಾರಿ ಕಾಯಲಿಲ್ಲ. ತನ್ನ ತಾಟಿನ ಮಟನ್ ಕೈಲೆ ಎತ್ಕೊಂಡು ಎದ್ದು ಬಂದ್ಳು. ಮಾವ ತಾಟಿನ ಮ್ಯಾಲ ಕೈ ಅಡ್ಡ ಹಿಡಿದ. ‘ಸಾಕು.’ ಅವ್ವ ಬೆರಳ ಸಂದಿಯಿಂದ ತುರುಕಿದ್ಳು. ‘ಸಾಕಂದ್ನಲ್ಲ!’ ಇನ್ನೊಂದು ತುಂಡು.

‘ಅವತ್ತೂ ಸಾಕಂದಿ, ಅಕ್ಷತಾ ಹಾಕೋ ಗದ್ದಲದಾಗ ನನಗ ಕೇಳಸಲಿಲ್ಲೋ ತಮ್ಮಾ. ಕೇಳಿಸಿದ್ರ ಬಿಡ್ತಿದ್ನೇನು ನಾ? ತಿನ್ನು, ನನ್ನ ಆಣಿ ಅದ.’ ಹೇಳ್ಕೋತ ಆಕಿ ಅತ್ತುಬಿಟ್ಳು. ನಾನೂ ಅತ್ತೆ. ಕಂಬಿ ಹಿಡಿದ ಹುಡುಗರು ಹಂಗೇ ನಿಂತು ನೋಡಿದ್ರು.

ಮಾವ ತಲಿ ತಗ್ಗಿಸಿ ಅಗಿದ. ‘ಖಾರ ಇಲ್ಲ ಯಕ್ಕಾ’ ಅಂದ. ಅವ್ವ ಮೂಗು ಒರೆಸ್ಕೊಂಡು, ಅವನ ಬಿಲ್ಲಿ ಹಸರಿಗಿ ತಿರುವಿ, ಬಾಜೂಕ್ಕೇ ಕುಂತ್ಳು. ಆಮ್ಯಾಲ ಮಾವ ತಿಂದದ್ದು ಏನ್ ಕೇಳ್ತೀರಿ! ಸುಟ್ಟ ಅನಾನಸ್ ಸೈತ ಬಿಡಲಿಲ್ಲ.

ಸಂಜಿ ರೈಲಿನಾಗ ಗಾಳಿ ಜೋರಾಯ್ತು. ಮಾವ ನನ್ನ ಕಡಿ ನೋಡಿದ, ನಾ ಮತ್ತ ಪೋಸ್ಟಮನ್ ಆಗಲಿಕ್ಕಿ ತಯಾರಾದೆ. ಅವ ಅವ್ವನ ಕಡಿ ತಿರುಗಿ, ‘ಯಕ್ಕಾ, ಕಿಡಕಿ ಮುಚ್ಚಲೇನು?’ ಅಂದ. ‘ಬ್ಯಾಡ ಬಿಡೋ’ ಅಂದ್ಳು ಆಕಿ. ಮಾವ ಎದ್ದು ಮುಚ್ಚಿದ, ಹೊಸ ಟವಲ್ ಆಕಿಗಿ ಹೊದಿಸಿದ.

ಸೇಡಂ ಬಂತು. ಮಾವ ಅಲುಗಾಡಲಿಲ್ಲ.

‘ಮಾವ, ನಿನ್ನ ಊರು ಬಂತು, ಇಳಿ’ ಅಂದೆ.

‘ಗೊತ್ತದ, ಸುಮ್ಕ ಕುಂದ್ರು. ಟಿಕೇಟ್ ವಾಡಿ ತನಕ ತಗದೀನಿ.’