ಮೇಣ ತಾಗದ ಅಚ್ಚು

ಒರುಸ್ಟ್ ದ್ವೀಪದ ಒಂದು ದೋಣಿ ಕಾರ್ಖಾನೆಯಲ್ಲಿ ಅಚ್ಚಿಗೆ ಮೇಣ ಹಚ್ಚುವ ಕೆಲಸ ಎವರ್ಟ್‌ನದು. ಆಮೇಲೆ ಅಚ್ಚಿನೊಳಗೆ ಗಾಜಿನ ನಾರಿನ ಬಟ್ಟೆ ಹಾಸಿ, ರಾಳ ಬಳಿದು, ರೋಲರ್ ಉರುಳಿಸಿ ಗಾಳಿಗುಳ್ಳೆ ಓಡಿಸುವವರು ಬೇಕಾದಷ್ಟು ಜನ ಸಿಗುತ್ತಾರೆ. ಅವನ ಹೆಂಡತಿ ಗುನ್ವೊರ್ ಕೂಡ ಅವರಲ್ಲೊಬ್ಬಳು. ಆದರೆ ಮೇಣ ಬಿಟ್ಟುಹೋದ ಕಡೆ ರಾಳ ಅಚ್ಚನ್ನೇ ಕಚ್ಚಿಕೊಳ್ಳುತ್ತದೆ. ಆಮೇಲೆ ಬ್ರಹ್ಮ ಬಂದರೂ ದೋಣಿ ಈಚೆ ಬರುವುದಿಲ್ಲ. ಎವರ್ಟ್ ಮೇಣದ ಬಟ್ಟೆಯನ್ನು ಇನ್ನೊಬ್ಬರ ಕೈಗೆ ಕೊಟ್ಟವನೇ ಅಲ್ಲ, ಹೆಂಡತಿಗೂ. ಅವನು ಮುಗಿಸಿದ ಅಚ್ಚನ್ನು ಯಾರೂ ಮತ್ತೆ ಮುಟ್ಟಿ ನೋಡುತ್ತಿರಲಿಲ್ಲ. ನೋಡಿದರೆ ಅವನ ಮುಖಕ್ಕೆ ಉಗಿದ ಹಾಗೆ.

ಆ ಚಳಿಗಾಲದಲ್ಲಿ ಅವನಿಗೆ ಮೊಮ್ಮಗಳ ಹೆಸರು ನಾಲಿಗೆ ತುದಿಗೆ ಬಂದು ನಿಂತುಬಿಡುತ್ತಿತ್ತು. ಒಮ್ಮೆ ಕಾರ್ಖಾನೆಯಿಂದ ಮನೆಗೆ ಹೊರಟವನು ಬಂದರಿನಲ್ಲಿ ದಾರಿ ತೋಚದೆ ನಿಂತಿದ್ದ. ನಿದ್ದೆ ಸಾಲದು ಅಂದುಕೊಂಡಳು ಗುನ್ವೊರ್. ಗೊತ್ತಿದ್ದೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಳು, ಪಾಪ.

ಮಾರ್ಚ್‌ನಲ್ಲಿ ಒಂದು ದೋಣಿಯನ್ನು ಅಚ್ಚಿನಿಂದ ಎತ್ತುವಾಗ ಮುಂಭಾಗ ಬಂತು, ಹಿಂಭಾಗ ಬರಲಿಲ್ಲ. ಬೆಣೆ ಹೊಡೆದರು, ಗಾಳಿ ಊದಿದರು. ಕ್ರೇನ್ ಇನ್ನೊಂದಿಷ್ಟು ಜಗ್ಗಿದಾಗ ಮೂಳೆ ಮುರಿದಂಥ ಸದ್ದಾಗಿ ದೋಣಿಯೂ ಹೋಯಿತು, ಅಚ್ಚೂ ಹೋಯಿತು.

"ಎವರ್ಟ್, ಹಿಂದ್ಗಡೆ ಮೇಣ ಹಚ್ಚಿದ್ಯಾ?" ಮೇಸ್ತ್ರಿ ಸ್ಟೆಲ್ಲಾನ್ ಮೆಲ್ಲಗೆ ಕೇಳಿದ.

"ಹಚ್ದೇ ಇರ್ತೀನೇನೋ? ನೀನು ಚಡ್ಡಿ ಹಾಕೋಕ್ಕಿಂತ ಮುಂಚೆಯಿಂದ ಹಚ್ತಿದೀನಿ!"

ಯಾರೂ ನಗಲಿಲ್ಲ. ಗುನ್ವೊರ್‌ಗೆ ಆ ಅಚ್ಚಿಗೆ ಮೇಣ ಹಚ್ಚಿದ ದಿನ ನೆನಪಿತ್ತು. ಹಿಂಭಾಗ ಬಾಕಿ ಇರುವಾಗಲೇ ಅವನು ಕಾಫಿಗೆ ಎದ್ದಿದ್ದ. ತಿರುಗಿ ಬಂದವನು ಕೈ ತೊಳೆದು "ಮುಗೀತು" ಅಂದಿದ್ದ. ಅವಳಿಗೆ ಅನುಮಾನ ಬಂದಿತ್ತು. ಆದರೂ ಕೇಳಲು ಬಾಯಿ ಬಾರದೆ, ಅದರ ಮೇಲೇ ನಾರಿನ ಬಟ್ಟೆ ಹಾಸಿದ್ದಳು.

"ಸ್ಟೆಲ್ಲಾನ್, ಹಿಂಭಾಗಕ್ಕೆ ನಾನು ಮೇಣ ಹಚ್ತೀನಿ ಅಂದಿದ್ದೆ," ಅಂದಳು ಈಗ. "ಮರೆತೇಬಿಟ್ಟೆ."

ಹೇಳಿದ್ದು ಸ್ಟೆಲ್ಲಾನ್‌ಗೆ, ನೋಡಿದ್ದು ಗಂಡನನ್ನು. ಅವನು ಸಿಡಿದೇಳಬೇಕಿತ್ತು. 'ನನ್ನ ಅಚ್ಚು ಮುಟ್ಟೋಕೆ ನೀನ್ಯಾರೇ, ಸುಳ್ಳಿ!' ಅಂತ ನಾಲ್ಕು ಜನರ ಮುಂದೆ ಬೈಯಬೇಕಿತ್ತು. ಅಷ್ಟು ಬೈದಿದ್ದರೆ ಸಾಕಿತ್ತು, ನನ್ನ ಎವರ್ಟ್ ಇನ್ನೂ ಒಳಗಿದ್ದಾನೆ ಎಂದು ನಂಬಿ ಅವಳು ಬದುಕಿಕೊಳ್ಳುತ್ತಿದ್ದಳು.

ಎವರ್ಟ್ ಅವಳನ್ನೇ ನೋಡಿದ. ಅವನ ಮುಖ ನಿಧಾನವಾಗಿ ಹಗುರಾಯಿತು.

"ಅಯ್ಯೋ ಗುನ್ವೊರ್, ಮೇಣ ಹಚ್ಚೋದನ್ನ ಯಾರಾದ್ರೂ ಮರೀತಾರೇನೇ?" ಅಂದ. ಅವಳ ಕಣ್ಣು ತುಂಬಿದ್ದು ಕಂಡು ದನಿ ಇಳಿಸಿದ. "ಅಳಬೇಡ. ತಲೆ ಸ್ವಲ್ಪ ಮಂಕಾಗಿದೆ ನಿಂಗೆ, ಅಷ್ಟೇ. ನಾನಿಲ್ವಾ? ಇನ್ಮೇಲೆ ನಿನ್ನ ನಾನು ನೋಡ್ಕೋತೀನಿ."

ಎಲ್ಲರೂ ತಲೆ ತಗ್ಗಿಸಿದರು. ಎದೆ ಒಡೆದುಹೋಗಿತ್ತು ಗುನ್ವೊರ್‌ಗೆ.

"ಹೂಂ," ಅಂದಳು, "ನೋಡ್ಕೋ."