ತಾನೋ, ಅವನೋ

ನೀಲಾ, ನಿನ್ನ ಅಪ್ಪ ತಮ್ಮನಿಗೆ ಅನ್ಯಾಯ ಮಾಡಿದವರು ಎಂಬ ಮಾತನ್ನು ನಿಮ್ಮ ಮನೆಯೊಳಗೆ ತಂದವಳು ನಾನು. ಅದು ತಪ್ಪು. ತಪ್ಪೆಂದು ಗೊತ್ತಾದ ಮೇಲೂ ಹದಿಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಹೋದ ತಿಂಗಳು ನಿನ್ನ ಅಪ್ಪ, ನಮ್ಮ ಈರಪ್ಪ ಕಾಕಾ, ತೀರಿಕೊಂಡರು — ಇನ್ನು ಅವರಿಗೆ ಹೇಳುವಂತಿಲ್ಲ. ನಿನಗಾದರೂ —

ಆಗ ನಿನಗೆ ಎಂಟೋ ಒಂಬತ್ತೋ. ಎಪ್ಪತ್ನಾಲ್ಕರ ಬೇಸಿಗೆ. ಬಾಗಲಕೋಟೆಯಲ್ಲಿ ಪಿಯುಸಿ ಮುಗಿಸಿ ನಾನು ಇಳಕಲ್ಲಿಗೆ ಸೂಟಿಗೆ ಬಂದಿದ್ದೆ. ನಮ್ಮ ಓಣಿಯಲ್ಲಿ ಇಂಗ್ಲಿಷ್ ಬರುತ್ತಿದ್ದುದು ನನಗೊಬ್ಬಳಿಗೇ. ಹಾಗಾಗಿ ಮುಂಬಯಿಯಿಂದ ಬಂದ ಪತ್ರ ಹಿಡಿದುಕೊಂಡು ನಿನ್ನ ಅಪ್ಪ ನಮ್ಮ ಕಟ್ಟೆಗೆ ಬಂದರು.

ಅಣ್ಣತಮ್ಮಂದಿರ ಜಗಳ ಓಣಿಗೆಲ್ಲ ಗೊತ್ತಿತ್ತು. ನಾಲ್ಕು ವರ್ಷದ ಹಿಂದೆ, ನೇಯುತ್ತಿದ್ದ ಸೀರೆಯ ಸೆರಗು ಕೆಡಿಸಿದನೆಂದು ಈರಪ್ಪ ಕಾಕಾ ತಮ್ಮ ಸಂಗಪ್ಪನ ಕಪಾಳಕ್ಕೆ ನಾಲ್ಕು ಜನರೆದುರು ಹೊಡೆದಿದ್ದರು. ಅಂದೇ ಸಂಗಪ್ಪ, ಅಣ್ಣನ ಮಗ್ಗಕ್ಕೆ ಕಟ್ಟಿದ್ದ ಹಾಸಿನ ಎಳೆಗಳನ್ನೆಲ್ಲ ಕತ್ತರಿಸಿ ಊರು ಬಿಟ್ಟಿದ್ದ. ತಪ್ಪು ಇಬ್ಬರದೂ ಇತ್ತು.

ಪತ್ರ ಬರೆದವರು ಮುಂಬಯಿಯ ಆಸ್ಪತ್ರೆಯಲ್ಲಿ ಸಂಗಪ್ಪನ ಆರೈಕೆ ಮಾಡಿದ ಕೇರಳದ ನರ್ಸು. ಕನ್ನಡ ಬಾರದ್ದರಿಂದ ಇಂಗ್ಲಿಷಿನಲ್ಲಿ ಬರೆದಿದ್ದರು. ಎದೆರೋಗದಿಂದ ಸಂಗಪ್ಪ ತೀರಿಕೊಂಡ. ಕೊನೆಕೊನೆಗೆ ಅಣ್ಣನ ಮಾತೇ ಆಡುತ್ತಿದ್ದ. ಆಮೇಲೆ ಒಂದು ಸಾಲು — ‘ಹೀ’ ‘ಹಿಮ್’ಗೆ ಅನ್ಯಾಯ ಮಾಡಿದ್ದಾನೆಂದು ಹೇಳುತ್ತಿದ್ದ.

ಯಾರು, ಯಾರಿಗೆ? ನಮ್ಮ ಮಾತಿನಲ್ಲಾದರೆ ‘ತಾನು’ ಇದೆ. ತಾನು ಅವನಿಗೆ ಅನ್ಯಾಯ ಮಾಡಿದೆನೆಂದ ಅನ್ನುತ್ತೇವೆ, ಇಲ್ಲವೆ ಅವನು ತನಗೆ ಮಾಡಿದನೆಂದ ಅನ್ನುತ್ತೇವೆ. ಕೇಳಿದವರಿಗೆ ಗೊಂದಲವಾಗದು. ಆ ಇಂಗ್ಲಿಷ್ ಸಾಲಿನಲ್ಲಿ ಎರಡಕ್ಕೂ ಅವೇ ಪದಗಳು. ನನಗೆ ಅಂದು ಅನುಮಾನವೇ ಬರಲಿಲ್ಲ. ಸರ್ವನಾಮ ಹತ್ತಿರದ ಹೆಸರನ್ನು ಹಿಡಿಯುತ್ತದೆ ಎಂದು ಪರೀಕ್ಷೆಗೆ ಓದಿದ್ದೆ, ಹತ್ತಿರವಿದ್ದದ್ದು ‘ಅಣ್ಣ’. ತಡವರಿಸದೆ ಹೇಳಿದೆ —

“ಅಣ್ಣ ನನಗ ಅನ್ಯಾಯ ಮಾಡಿದ ಅಂತ ಹೇಳ್ತಿದ್ದರಂತ್ರಿ, ಕಾಕಾ.”

ಅವರು ಪತ್ರವನ್ನು ಮಡಚಿಕೊಂಡು, “ಖರೇನ ಐತಿ,” ಎಂದರು. “ನಾನ ಮಾಡೀನಿ.”

ಮರುದಿನ ಮತ್ತೆ ಬಂದರು. ಇನ್ನೊಮ್ಮೆ ಓದವಾ ಎಂದರು. ಓದಿದೆ. ವಾರ ಬಿಟ್ಟು ಮೂರನೆಯ ಸಲ ಬಂದಾಗ, ಓದುತ್ತಿರುವಂತೆಯೇ ಆ ಸಾಲು ನನ್ನ ಕಣ್ಣೆದುರು ತಿರುಗಿ ನಿಂತಿತು. ‘ಹೀ’ ಸಂಗಪ್ಪನೇ ಆಗಿದ್ದರೆ? ಎರಡು ಅರ್ಥ ಆಗ್ತೈತಿ, ನನಗ ತಿಳಿವಲ್ಲದು — ಇಷ್ಟು ಹೇಳಿದ್ದರೆ ಸಾಕಿತ್ತು. ಕಟ್ಟೆಯ ಮೇಲೆ ನನ್ನ ಅಪ್ಪ ಇದ್ದರು, ನೆರೆಯವರು ಇದ್ದರು. ನಮ್ಮ ಹುಡುಗಿ ಇಂಗ್ಲಿಷ್ ನೀರು ಕುಡಿದಂತೆ ಓದುತ್ತಾಳೆ ಎಂದು ಆಗಷ್ಟೇ ಯಾರೋ ಹೊಗಳಿದ್ದರು. ಮೊದಲಿನಂತೆಯೇ ಹೇಳಿದೆ. ಅಂದಿನಿಂದ ಅದು ಬರೀ ತಪ್ಪು ಓದಾಗಿ ಉಳಿಯಲಿಲ್ಲ.

ಬಾಗಲಕೋಟೆಗೆ ಮರಳಿದರೂ ನೆಮ್ಮದಿಯಿರಲಿಲ್ಲ. ಪಾಠದ ಪುಸ್ತಕದಲ್ಲಿ ‘ಹೀ’ ಕಂಡಲ್ಲೆಲ್ಲ ಬೆರಳಿಟ್ಟು, ಇವನು ಯಾರು ಎಂದು ಹುಡುಕುತ್ತಿದ್ದೆ. ಕೊನೆಗೆ ಮುಂದಿನ ವರ್ಷ, ಯಾರಿಗೂ ಹೇಳದೆ, ಆ ನರ್ಸಿಗೆ ಹಾಸ್ಟೆಲಿನ ವಿಳಾಸದಿಂದ ಬರೆದು ಕೇಳಿದೆ. ಉತ್ತರ ಬಂತು. ತಪ್ಪು ಮಾಡಿದವನು ತಾನೇ ಎಂದು ಸಂಗಪ್ಪ ಅಳುತ್ತಿದ್ದನಂತೆ. ಎಳೆ ಕತ್ತರಿಸಿದ್ದನ್ನು ಮುರುಕು ಹಿಂದಿಯಲ್ಲಿ, ಕೈಸನ್ನೆಯಲ್ಲಿ ತೋರಿಸುತ್ತಿದ್ದನಂತೆ. ಅಣ್ಣ ಬಂದರೆ ಕಾಲು ಹಿಡಿಯಬೇಕು ಎನ್ನುತ್ತಿದ್ದನಂತೆ.

ಆ ಪತ್ರವನ್ನು ಟ್ರಂಕಿನ ತಳಕ್ಕೆ ಹಾಕಿದೆ. ಸೂಟಿಗೆ ಹೋದಾಗ ಹೇಳಬೇಕೆಂದುಕೊಂಡೆ — ಹೇಳಲಿಲ್ಲ. ನೌಕರಿ ಸಿಗಲಿ ಎಂದುಕೊಂಡೆ. ಹುನಗುಂದದ ಸಾಲೆಯಲ್ಲಿ ಸಿಕ್ಕಿತು, ಅದೂ ಇಂಗ್ಲಿಷ್ ಕಲಿಸುವ ನೌಕರಿ. ಆಮೇಲಂತೂ ಹೇಳುವುದು ಇನ್ನೂ ಕಷ್ಟವಾಯಿತು.

ನಿನ್ನ ಲಗ್ನದ ಹಂದರದಲ್ಲಿ ನಾನಿದ್ದೆ, ನೀಲಾ. ಎಲ್ಲರೂ ಅಕ್ಕಿಕಾಳು ಹಾಕುವಾಗ ನಿನ್ನ ಅಪ್ಪ ಹೊರಗೆ ಟಾಂಗಾದ ಹತ್ತಿರ ನಿಂತಿದ್ದರು. ನಾನು ಹೋಗಿ ಕರೆದೆ. ಅವರು ಅಂಗೈ ನೋಡಿಕೊಳ್ಳುತ್ತ, “ತಮ್ಮ ನೊಂದ್ಕೊಂಡ ಸತ್ತಾನವಾ. ಈ ಕೈಲೆ ಮಗಳಿಗೆ ಅಕ್ಕಿಕಾಳ ಹಾಕೂದು ಬ್ಯಾಡ,” ಎಂದರು.

ಆಗಲೂ — ನನ್ನ ನಾಲಿಗೆಯ ತುದಿಯಲ್ಲಿತ್ತು. ಒಳಗಿನಿಂದ ಯಾರೋ ಕೂಗಿದರು. ಅದೇ ನೆಪವಾಯಿತು, ಹೋದೆ.

ಹೋದ ತಿಂಗಳು, ಕಾಕಾ ತೀರಿದ ಮೇಲೆ, ನಿನ್ನನ್ನು ಮಾತಾಡಿಸಲು ಬಂದಾಗ ನೀನು ಹೇಳಿದೆ, ಅಪ್ಪನಿಗೆ ನಿನ್ನ ಲಗ್ನ ಮನಸ್ಸಿಗೆ ಬಂದಿರಲಿಲ್ಲ, ಅದಕ್ಕೇ ಹಂದರದೊಳಗೆ ಬರಲಿಲ್ಲ ಎಂದು. ಇಷ್ಟು ವರ್ಷ ನೀನು ಹಾಗೆ ತಿಳಿದುಕೊಂಡಿದ್ದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ನೀನು ಕೊಟ್ಟ ಚಹಾ ಕುಡಿದು ಎದ್ದು ಬಂದೆ. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ಅವರಿಗೆ ನಿನ್ನ ಲಗ್ನ ಬೇಡವಾಗಿರಲಿಲ್ಲ. ತಮ್ಮದೇ ಕೈಯ ಬಗ್ಗೆ ಅವರಿಗೆ ಹೇಸಿಗೆ ಹುಟ್ಟಿತ್ತು. ಹುಟ್ಟಿಸಿದವಳು ನಾನು. ಹದಿನೆಂಟರ ಹುಡುಗಿ, ತಿಳಿಯದೆ ಮಾಡಿದಳು ಎಂದು ನೀನು ಅನ್ನಬಹುದು, ಅನ್ನಬೇಡ. ತಿಳಿಯದೆ ಇದ್ದದ್ದು ಒಂದೇ ವರ್ಷ, ತಿಳಿದೂ ಹೇಳದೆ ಇದ್ದದ್ದು ಹದಿಮೂರು.

ನರ್ಸಿನ ಎರಡನೆಯ ಪತ್ರವನ್ನು ಇದರ ಜೊತೆ ಇಟ್ಟಿದ್ದೇನೆ. ಅದನ್ನು ಬೇರೆ ಯಾರಿಂದಲಾದರೂ ಓದಿಸು, ನೀಲಾ. ನಾನು ಹೇಳಿದೆನೆಂದು ನಂಬಬೇಡ.