ಜೋಯಿಸರ ಬಟ್ಟಲು, ನನ್ನ ಗಡಿಯಾರ

ಗಂಟೆ ಎಷ್ಟು ಎಂದು ಯಾರಾದರೂ ಕೇಳಿದರೆ ನಾನು ಗಡಿಯಾರವನ್ನು ಮೊದಲು ಕಿವಿಗೆ ಹಿಡಿಯುತ್ತೇನೆ, ಆಮೇಲೆ ನೋಡುತ್ತೇನೆ. ಮನೆಯವರಿಗೆ ಇದು ತಮಾಷೆ. ವಯಸ್ಸಾಯಿತು, ಕಣ್ಣು ಮಂಜಾಗಿದೆ, ಅದಕ್ಕೆ ಕಿವಿಯಲ್ಲಿ ಹೊತ್ತು ನೋಡುತ್ತಾರೆ ಎಂದು ನಗುತ್ತಾರೆ. ನಗಲಿ ಎಂದು ಬಿಟ್ಟಿದ್ದೇನೆ. ನಿಜವಾದ ಕಾರಣ ಹೇಳಿದರೆ ಅವರು ನಗುವುದಿಲ್ಲ.

ಆ ಕಾರಣಕ್ಕೆ ಬರುವ ಮೊದಲು ಗಡಿಯಾರದ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳದಿದ್ದರೆ ಅನ್ಯಾಯವಾದೀತು. ಎಸ್.ಎಸ್.ಎಲ್.ಸಿ. ಪಾಸಾಗಿ ಅಜ್ಜಂಪುರದ ಒಂದು ಎಣ್ಣೆ ಗಿರಣಿಯಲ್ಲಿ ಗುಮಾಸ್ತನಾಗಿ ಸೇರಿದ ಮೂರನೇ ವರ್ಷ ನಾನು ಕಡೂರಿಗೆ ಹೋಗಿ ಕೈಗಡಿಯಾರ ಕೊಂಡೆ. ಹೊಸದಲ್ಲ. ಗಡಿಯಾರ ರಿಪೇರಿ ಮಾಡುತ್ತಿದ್ದ ಸಾಬರೊಬ್ಬರ ಅಂಗಡಿಯಲ್ಲಿ ಯಾರೋ ಬಿಟ್ಟುಹೋದದ್ದು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಾಬರು ಅದರ ಬೆನ್ನು ಬಿಚ್ಚಿ ತೋರಿಸಿದರು. ಒಳಗೆ ಸಾಸಿವೆಗಿಂತ ಸಣ್ಣ ಚಕ್ರಗಳು ಒಂದರ ಹಲ್ಲಿಗೆ ಒಂದು ಹಲ್ಲು ಕೊಟ್ಟುಕೊಂಡು, ಯಾರೂ ನೋಡದ ಕತ್ತಲಲ್ಲಿ, ಯಾರ ಹೊಗಳಿಕೆಯನ್ನೂ ಬಯಸದೆ ದುಡಿಯುತ್ತಿದ್ದವು. ಗಿರಣಿಯಲ್ಲಿ ನಾನು ಒಂದು ದಿನವೂ ಅಷ್ಟು ಶ್ರದ್ಧೆಯಿಂದ ಕೆಲಸ ಮಾಡಿದವನಲ್ಲ.

"ದಿನಾ ಒಂದೇ ಹೊತ್ತಿಗೆ ಕೀ ಕೊಡ್ರಿ. ಅದು ಕೇಳೋದು ಅಷ್ಟೇ," ಎಂದರು ಸಾಬರು.

ನಮ್ಮ ಊರು ಅಜ್ಜಂಪುರದಿಂದ ಎರಡು ಮೈಲಿ. ಅಲ್ಲಿ ಅದುವರೆಗೆ ಕೈಗೆ ಗಡಿಯಾರ ಕಟ್ಟಿದವರಿರಲಿಲ್ಲ. ರೈಲಿನ ಶಿಳ್ಳೆ, ಜಗಲಿಯ ಮೇಲೆ ಸರಿಯುವ ನೆರಳು, ಹಟ್ಟಿಗೆ ಮರಳುವ ಕುರಿ, ಇವೇ ನಮ್ಮ ಗಂಟೆ. ಗಡಿಯಾರ ಬಂದ ಮೇಲೆ ನಾನು ಹೊತ್ತನ್ನು ಮಾತ್ರವಲ್ಲ, ಎಲ್ಲವನ್ನೂ ತಿಳಿದವನಾಗಿಬಿಟ್ಟೆ. ಮಳೆ ಯಾವಾಗ, ಜ್ವರಕ್ಕೆ ಯಾವ ಔಷಧಿ, ಪಂಚವಾರ್ಷಿಕ ಯೋಜನೆಯಿಂದ ನಮ್ಮ ಕೆರೆ ತುಂಬುತ್ತದೋ ಇಲ್ಲವೋ, ಎಲ್ಲವನ್ನೂ ನನ್ನನ್ನು ಕೇಳುತ್ತಿದ್ದರು. ನಾನೂ ಅಂಗಿಯ ತೋಳನ್ನು ಸ್ವಲ್ಪ ಮೇಲೆ ಸರಿಸಿಕೊಂಡು ಉತ್ತರ ಕೊಡುತ್ತಿದ್ದೆ. ಯಂತ್ರವನ್ನು ಕಟ್ಟಿಕೊಂಡವನಿಗೆ ಯಂತ್ರದ ಬುದ್ಧಿಯೂ ಬಂದಿರುತ್ತದೆ ಎಂದು ಜನ ನಂಬುತ್ತಾರೆ. ಕಟ್ಟಿಕೊಂಡವನು ಅವರಿಗಿಂತ ಹೆಚ್ಚು ನಂಬುತ್ತಾನೆ. ಈಗ ಮೊಬೈಲ್ ಹಿಡಿದ ಹುಡುಗರನ್ನು ನೋಡಿದಾಗ ನನಗೆ ಕೋಪ ಬಾರದಿರುವುದು ಇದಕ್ಕೇ.

ಊರಿನಲ್ಲಿ ಹೊತ್ತು ಅಳೆಯುವ ಇನ್ನೊಬ್ಬರಿದ್ದರು. ನಮ್ಮ ಜೋಯಿಸರು. ಮದುವೆಗಳಲ್ಲಿ ಅವರು ಗಳಿಗೆ ಬಟ್ಟಲು ಇಡುತ್ತಿದ್ದರು. ತೆಳು ತಾಮ್ರದ ಬಟ್ಟಲು, ತಳದಲ್ಲಿ ಸೂಜಿಮೊನೆಯಷ್ಟು ತೂತು. ಅಗಲ ಬಾಯಿಯ ಪಾತ್ರೆಯಲ್ಲಿ ನೀರು ತುಂಬಿ ಅದನ್ನು ತೇಲಬಿಟ್ಟರೆ, ತೂತಿನಿಂದ ನೀರು ಏರುತ್ತಾ ಏರುತ್ತಾ ಸರಿಯಾಗಿ ಒಂದು ಗಳಿಗೆಗೆ, ಎಂದರೆ ಇಪ್ಪತ್ತನಾಲ್ಕು ನಿಮಿಷಕ್ಕೆ, ಗುಳಕ್ಕನೆ ಮುಳುಗುತ್ತದೆ. ಎತ್ತಿ, ನೀರು ಚೆಲ್ಲಿ, ಮತ್ತೆ ತೇಲಬಿಡಬೇಕು. ಇಂಥ ಅರವತ್ತು ಮುಳುಗಿದರೆ ಒಂದು ದಿನ, ಒಂದು ರಾತ್ರಿ. ಇದರಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ಕೆಟ್ಟರೆ ಕೆಟ್ಟದ್ದು ಕಾಣುತ್ತದೆ. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ದೊಡ್ಡ ಕೆಲಸ ಮಾಡುವ ಇನ್ನೊಂದು ಯಂತ್ರವನ್ನು ನಾನು ಕಂಡಿಲ್ಲ. ಆದರೆ ಈ ಮೆಚ್ಚುಗೆ ಈಗಿನದು. ಆಗ ನಾನು ಅದನ್ನು "ಮುಳುಗೋ ಗಡಿಯಾರ" ಎಂದು ಹಾಸ್ಯ ಮಾಡುತ್ತಿದ್ದೆ.

ಪಕ್ಕದ ಮನೆಯ ಮಂಜಣ್ಣನವರ ಮಗಳು ಸೀತೆಯ ಮದುವೆ ಬಂತು. ಗಂಡು ತರೀಕೆರೆಯವನು. ಮುಹೂರ್ತ ಬೆಳಿಗ್ಗೆ ಒಂಬತ್ತೂ ಕಾಲಿಗೆ, ಜೋಯಿಸರ ಲೆಕ್ಕದಲ್ಲಿ ಸೂರ್ಯ ಹುಟ್ಟಿದ ಮೇಲೆ ಎಂಟನೇ ಬಟ್ಟಲು ಮುಳುಗಿದಾಗ. ಚಪ್ಪರದಲ್ಲಿ ಗಾಳಿ ಎಂದು ಬಟ್ಟಲನ್ನು ಒಳಗೆ ದೇವರ ಕೋಣೆಯಲ್ಲಿಟ್ಟು, ಒಂದೊಂದು ಸಲ ಮುಳುಗಿದಾಗಲೂ ಗೋಡೆಗೆ ಕುಂಕುಮದ ಬೊಟ್ಟಿಟ್ಟು ಬರುತ್ತಿದ್ದರು. ನಾನು ಕೋಟು ಹಾಕಿಕೊಂಡು ಚಪ್ಪರದ ಬಾಗಿಲಲ್ಲಿ ನಿಂತಿದ್ದೆ.

ಎಂಟು ಬೊಟ್ಟಾಯಿತು. ಜೋಯಿಸರು ಹೊರಗೆ ಬಂದು, "ಮಂಜಣ್ಣ, ಹೊತ್ತಾಯ್ತು. ಹೆಣ್ಣು ಗಂಡು ಕರೀರಿ," ಎಂದರು.

ಮಂಜಣ್ಣನವರಿಗೆ ಸಂಕಟ. ಗಂಡಿನ ಸೋದರಮಾವ ಕಡೂರಿನಿಂದ ಇನ್ನೂ ಬಂದಿರಲಿಲ್ಲ. ಅವರು ನನ್ನ ಮುಖ ನೋಡಿದರು. ನಾನು ತೋಳು ಸರಿಸಿ ನೋಡಿದೆ. "ಎಂಟೂ ನಲವತ್ತು. ಇನ್ನೂ ಮೂವತ್ತೈದು ನಿಮಿಷ ಇದೆ," ಎಂದೆ.

"ಇಲ್ಲ ಕಣಪ್ಪಾ, ಬಟ್ಟಲು ಎಂಟಾಯ್ತು."

"ಇದು ಯಂತ್ರ, ಜೋಯಿಸರೇ. ನೀರಲ್ಲಿ ಮುಳುಗಲ್ಲ."

ಎಲ್ಲರೂ ನಕ್ಕರು. ಜೋಯಿಸರು ಒಳಗೆ ಹೋದರು. ಇನ್ನೊಂದು ಬಟ್ಟಲು ಮುಳುಗಿದ ಮೇಲೆ ಮತ್ತೆ ಬಂದರು. ಈ ಸಲ ನಾನು ಅಡುಗೆಯವರ ಮೇಲೆ ಅಧಿಕಾರ ಚಲಾಯಿಸಲು ಹಿತ್ತಲಿಗೆ ಹೋಗಿದ್ದೆ. "ಗಡಿಯಾರ ಹೇಳಿದೆಯಲ್ಲ, ಸುಮ್ಕಿರಿ ಸ್ವಾಮಿ," ಎಂದು ಮಂಜಣ್ಣನವರೇ ಅವರನ್ನು ಕಳಿಸಿದರಂತೆ.

ಅಂತೂ ಸೋದರಮಾವ ಬಂದರು. ನನ್ನನ್ನು ಕೂಗಿದರು. ಬಂದು ಗಡಿಯಾರ ನೋಡಿದೆ. ಎಂಟೂ ನಲವತ್ತು. ತಲೆ ಸವರಿಕೊಳ್ಳುವವನಂತೆ ಕೈಯೆತ್ತಿ ಕಿವಿಗೆ ಹಿಡಿದೆ. ಸದ್ದಿಲ್ಲ. ಮದುವೆ ಮನೆಯ ಎಣ್ಣೆಸ್ನಾನ, ಹೊಸ ಕೋಟು, ಈ ಗಡಿಬಿಡಿಯಲ್ಲಿ ಬೆಳಿಗ್ಗೆ ಕೀ ಕೊಡುವುದನ್ನೇ ಮರೆತಿದ್ದೆ.

ಆಗಲೇ ಹೇಳಿಬಿಡಬಹುದಿತ್ತು. ಕಂಬದ ಮರೆಗೆ ಹೋದೆ, ಕೀ ಕೊಟ್ಟೆ, ಮುಳ್ಳು ತಿರುಗಿಸಿದೆ, ಬಂದು ಹೇಳಿದೆ: "ಸರಿಯಾಗಿ ಒಂಬತ್ತೂ ಕಾಲು."

ಸೋದರಮಾವನ ಕೈಯಲ್ಲೂ ಒಂದು ಗಡಿಯಾರವಿತ್ತು. ಅವರು ಅದನ್ನು ನೋಡಿ ಹುಬ್ಬು ಗಂಟಿಕ್ಕಿದರು. "ನಂದು ಹತ್ತು ತೋರಿಸ್ತಾ ಐತಲ್ಲ," ಎಂದರು. ಮರುಗಳಿಗೆಯೇ ಮುಖ ಅರಳಿತು. "ಬಸ್ಸಿನ ಕುಲುಕಾಟಕ್ಕೆ ಮುಂದೆ ಓಡ್ಬಿಟ್ಟೈತೆ. ಅಂತೂ ನಾನು ತಡ ಮಾಡಲಿಲ್ಲ ಅನ್ನಿ." ತಾನು ತಡವಾಗಿ ಬಂದಿಲ್ಲ ಎಂದು ಹೇಳುವ ಗಡಿಯಾರವನ್ನು ಯಾರು ತಾನೇ ಸುಳ್ಳೆನ್ನುತ್ತಾರೆ.

ಜೋಯಿಸರು ಒಳಗೆ ಗೋಡೆಯ ಹತ್ತು ಬೊಟ್ಟುಗಳನ್ನು ಒಮ್ಮೆ ನೋಡಿ ಬಂದು ಮಂತ್ರ ಶುರುಮಾಡಿದರು. ಜೀರಿಗೆ ಬೆಲ್ಲ ಬಿತ್ತು. ಊಟವಾದ ಮೇಲೆ ಮಂಜಣ್ಣನವರು ನಾಲ್ಕು ಜನರೆದುರು, "ಬಟ್ಟಲ ತೂತು ದೊಡ್ಡದಾಗಿರ್ಬೇಕು ನೋಡ್ಸಿ," ಎಂದರು. ಜೋಯಿಸರು ತಲೆತಗ್ಗಿಸಿ ಬಟ್ಟಲನ್ನು ಬಟ್ಟೆಯಲ್ಲಿ ಸುತ್ತಿಕೊಂಡರು. ನಾನು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದೆ.

ಅಷ್ಟಕ್ಕೇ ಮುಗಿದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಹದಿನೈದು ದಿನದ ಮೇಲೆ ಜೋಯಿಸರು ದಾರಿಯಲ್ಲಿ ಸಿಕ್ಕರು. ತರೀಕೆರೆಯಿಂದ ಬರುತ್ತಿದ್ದರು. "ಪಾತ್ರೆ ಕೆಲಸದವನಿಗೆ ಕೊಟ್ಟು ಬಟ್ಟಲ ತೂತು ಕಿರಿದು ಮಾಡ್ಸಿದೆ ಕಣಪ್ಪಾ. ನಮ್ಮಜ್ಜನ ಕಾಲದ್ದು, ಸವೆದಿತ್ತೋ ಏನೋ," ಎಂದರು. ನನ್ನ ಸುಳ್ಳನ್ನು ನಂಬಿ ಆ ಮುದುಕರು ಸರಿಯಾದ ಬಟ್ಟಲನ್ನು ಕೆಡಿಸಿಕೊಂಡು ಬಂದಿದ್ದರು. ಎರಡು ದಿನ ನನಗೆ ಅನ್ನ ಸೇರಲಿಲ್ಲ. ಮೂರನೆಯ ದಿನ ಅವರ ಜಗಲಿಗೆ ಹೋಗಿ ಎಲ್ಲ ಹೇಳಿದೆ.

ಅವರು ಬೈಯಬಹುದೆಂದು ಸಿದ್ಧನಾಗಿದ್ದೆ. ಅವರು ಕೇಳಿದ್ದು ಒಂದೇ: "ಅಂದ್ರೆ ಬಟ್ಟಲು ಸರಿಯಾಗೇ ಇತ್ತು?"

"ಸರಿಯಾಗೇ ಇತ್ತು."

ಅವರ ಮುಖದಲ್ಲಿ ಕಂಡ ಸಂತೋಷವನ್ನು ನಾನು ಇನ್ನೂ ಮರೆತಿಲ್ಲ. ಆಮೇಲೆ ಹೇಳಿದರು, "ಕೀ ಕೊಡೋದು ಮರೆತದ್ದು ತಪ್ಪಲ್ಲ ಕಣೋ. ಮುಳ್ಳು ತಿರುಗಿಸಿದೆಯಲ್ಲ, ಅದು ತಪ್ಪು."

"ನಾಳೆ ಊರಿಗೆಲ್ಲ ಹೇಳ್ತೀನಿ ಜೋಯಿಸರೇ. ನಿಮ್ಮ ಮೇಲೆ ಬಂದ ಮಾತು ಹೋಗಲಿ."

"ಬ್ಯಾಡ," ಎಂದರು, ಈ ಸಲ ಗಟ್ಟಿಯಾಗಿ. "ಮುಹೂರ್ತ ತಪ್ಪಿದ ಮದುವೆ ಅಂತ ಗೊತ್ತಾದ್ರೆ, ನಾಳೆ ಗಂಡನ ಮನೇಲಿ ಎಮ್ಮೆ ಹಾಲು ಕೊಡದಿದ್ರೂ ಆ ಮಗೂನೇ ಅಂತಾರೆ. ನಂಗೇನು, ಬಟ್ಟಲು ಹೋಯ್ತು ಅಂತಾರೆ, ಅಷ್ಟೇ. ಬಾ, ನಿನ್ನ ಯಂತ್ರ ಬಿಚ್ಚು. ಇದನ್ನ ಸರಿಮಾಡಾಣ."

ಮೂರು ಭಾನುವಾರ ನಾವಿಬ್ಬರೂ ಆ ಜಗಲಿಯಲ್ಲಿ ಕೂತೆವು. ಅವರು ದಬ್ಬಳದ ಮೊನೆಯಿಂದ ತೂತನ್ನು ಕೂದಲೆಳೆಯಷ್ಟು ಹಿಗ್ಗಿಸುವುದು, ಬಟ್ಟಲನ್ನು ತೇಲಬಿಡುವುದು, ನಾನು ಗಡಿಯಾರ ನೋಡುವುದು. ಮೊದಲ ದಿನ ಮುಳುಗಲು ಮೂವತ್ತೊಂದು ನಿಮಿಷ ಬೇಕಾಯಿತು. ಆಮೇಲೆ ಇಪ್ಪತ್ತೇಳು. ಕೊನೆಗೊಂದು ಸಂಜೆ ಇಪ್ಪತ್ತನಾಲ್ಕಕ್ಕೆ ಸರಿಯಾಗಿ ಗುಳಕ್ಕೆಂದಾಗ ಜೋಯಿಸರು, "ನಿಂದೂ ಒಳ್ಳೇ ಸಾಮಾನೇ ಕಣೋ," ಎಂದರು. ನನ್ನ ಗಡಿಯಾರಕ್ಕೆ ಸಿಕ್ಕ ಮರ್ಯಾದೆಗಳಲ್ಲಿ ಅದೇ ದೊಡ್ಡದು.

ಆದರೆ ಆ ಬಟ್ಟಲನ್ನು ಮತ್ತೆ ಯಾವ ಮದುವೆಗೂ ಕರೆಯಲಿಲ್ಲ. "ಅದು ಮುಂದೆ ಓಡುತ್ತೆ," ಎಂಬ ಮಾತು ಸುತ್ತಲ ಹಳ್ಳಿಗೆಲ್ಲ ಹಬ್ಬಿತ್ತು. ಜೋಯಿಸರು ಗಡಿಯಾರದವರು ಹೇಳಿದ ಹೊತ್ತಿಗೆ ಮಂತ್ರ ಹೇಳಿಕೊಂಡು ಬದುಕಿ, ಹತ್ತು ವರ್ಷದ ಮೇಲೆ ತೀರಿಕೊಂಡರು. ಅವರು ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಅವರದು ಧರ್ಮ, ನನ್ನದು ಅನುಕೂಲ.

ಹೋದ ತಿಂಗಳು ತರೀಕೆರೆಗೆ ಹೋದಾಗ ಸೀತೆಯನ್ನು ನೋಡಿ ಬಂದೆ. ಮೊಮ್ಮಕ್ಕಳ ಮದುವೆ ಮಾಡಿದ ಹೆಂಗಸು. ಯಜಮಾನರು ಒಳಗೆ ಮಲಗಿದ್ದರು. ಇನ್ನು ಎಷ್ಟು ದಿನ ಎಂದುಕೊಂಡು ಅವಳಿಗೆ ಅಂದು ಗಡಿಯಾರ ನಿಂತಿದ್ದ ವಿಷಯ ಹೇಳಿಬಿಟ್ಟೆ. ಅವಳು ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತು ಅಣ್ಣಯ್ಯ."

"ಏನು ಗೊತ್ತಿತ್ತು?"

"ದೇವರ ಕೋಣೇಲಿ ನಾನೇ ಕೂತಿದ್ದೆನಲ್ಲ, ಬಟ್ಟಲು ಮುಂದೆ. ಎಂಟು ಮುಳುಗ್ತು, ಒಂಬತ್ತು ಮುಳುಗ್ತು, ಹತ್ತೂ ಮುಳುಗ್ತು. ಕೂಗಿಬಿಟ್ರೆ ನಮ್ಮಪ್ಪ ಮುಂದಿನ ತಿಂಗಳಿಗೆ ಹಾಕ್ಬಿಡ್ತಿದ್ರು." ಒಳಕೋಣೆಯ ಕಡೆ ಕಣ್ಣು ಹಾಯಿಸಿ ಮೆಲ್ಲಗೆ ನಕ್ಕಳು. "ಹೆಣ್ಣು ನೋಡೋಕೆ ಬಂದಾಗಲೇ ಒಪ್ಕೊಂಡಿದ್ದೆ ಕಣಣ್ಣಯ್ಯ. ಇನ್ನೊಂದು ತಿಂಗಳು ಯಾರು ಕಾಯ್ತಾರೆ?"

ಜೋಯಿಸರು ಯಾಕೆ ಸುಮ್ಮನಿದ್ದರೆಂಬುದನ್ನು ನಾನು ಹೇಳಿದೆ. ಆಗ ಅವಳ ಕೈ ನಿಂತಿತು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು, "ಬರಿ. ನೀನು ಏನೇನೋ ಬರೀತಿಯಲ್ಲ, ಇದನ್ನೂ ಬರಿ. ನಮ್ಮತ್ತೆ ಹೋಗಿ ಮೂವತ್ತು ವರ್ಷ ಆಯ್ತು, ಇನ್ನು ನನ್ನ ಯಾರೇನಂತಾರೆ? ನನ್ನ ಹೆಸರು ಹಾಕೇ ಬರಿ."

ಬರೆದಿದ್ದೇನೆ. ಸೀತೆಯ ಮದುವೆಯ ದಿನ ಜೋಯಿಸರ ಬಟ್ಟಲು ಸರಿಯಾಗಿತ್ತು. ನಾನು ಒಂಬತ್ತೂ ಕಾಲು ಎಂದಾಗ ಹತ್ತು ಗಂಟೆಯಾಗಿತ್ತು. ಇದನ್ನು ಹೇಳುವುದಕ್ಕೆ ಬಹಳ ತಡವಾಯಿತು, ಒಪ್ಪುತ್ತೇನೆ. ಆ ತಡಕ್ಕೆ ಮಾತ್ರ ಯಾವ ಗಡಿಯಾರವನ್ನೂ ದೂರುವ ಹಾಗಿಲ್ಲ.